ಮೊಬೈಲು ಕೊಳ್ಳುವ ಮುನ್ನ

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತನು ಕೊಂಬಿಗೆ ಹಚ್ಚಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತನ್ನ ಹೊಲ ಎರೆಯೋ ಮಸಾರಿಯೋ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಲೆ ಮಾತಾಡುತ್ತಾನೆ. ಅದೇ ರೈತನ ಮಗನೋ ಮಗಳೋ ಮೊಬೈಲು ಕೊಳ್ಳಲು ಅಂಗಡಿಗೆ ಹೋದಾಗ ಈ ವಿವೇಕವು ಎಲ್ಲಿ ಅಡಗುವುದೋ ತಿಳಿಯದು. ಮೊದಲು ಹೊಳೆಯುವ ಸಾಧನವನ್ನು ಆರಿಸುತ್ತೇವೆ. ಆಮೇಲೆ ಅಂಗಡಿಯವರು ಕೊಟ್ಟ ಸಿಮ್ಮನ್ನು ಹಾಕಿಸಿಕೊಳ್ಳುತ್ತೇವೆ. ಅದಕ್ಕೆ ಅವರು ಹೇಳಿದ ರೀಚಾರ್ಜನ್ನು ಮಾಡಿಸುತ್ತೇವೆ. ಊರಿಗೆ ಹೋದ ಮೇಲೆ ಅಲ್ಲಿ ಸಿಗ್ನಲ್ಲು ಇದೆಯೋ ಇಲ್ಲವೋ ಎಂದು ನೋಡುತ್ತೇವೆ. ಈ ಕ್ರಮವು ತಲೆಕೆಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಮೊದಲು ಊರು, ಅನಂತರ ಲೆಕ್ಕ, ಕಡೆಯಲ್ಲಿ ಸಾಧನ; ಇದೇ ಸರಿಯಾದ ಕ್ರಮವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಾಲೇಜಿಗೆ ಹಿರಿಯೂರಿನ ಕಡೆಯಿಂದಲೂ ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದಲೂ ಬಸ್ಸಿನಲ್ಲಿ ಬಂದುಹೋಗುವವರಿದ್ದಾರೆ. ಹಾಸ್ಟೆಲಿನಲ್ಲಿದ್ದು ವಾರಕ್ಕೊಮ್ಮೆ ಊರು ಕಾಣುವವರಿದ್ದಾರೆ. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಆದುದರಿಂದ ಮನೆಯ ಮೊಬೈಲಿನ ವಿಚಾರವೆಲ್ಲ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ನನ್ನ ತಂದೆಯವರು ಒಂದು ದಿನ, “ದಿನಕ್ಕೆ ಎಲ್ಡು ಸಲ ಮಾತಾಡಾಕೆ ಇಷ್ಟು ದುಡ್ಡು ಯಾಕಮ್ಮ?” ಎಂದು ಕೇಳಿದರು. ಅರ್ಥಶಾಸ್ತ್ರವನ್ನು ಓದುವ ನಾನು ಇದಕ್ಕೆ ಉತ್ತರ ಹೇಳಬೇಕಾಯಿತು. ಆ ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದುಬಂದ ಸಂಗತಿಗಳನ್ನೇ ಇಲ್ಲಿ ಸಹಾಧ್ಯಾಯಿಗಳ ಮುಂದಿಡುತ್ತಿದ್ದೇನೆ.

ಮೊದಲಿಗೆ ಸ್ವಲ್ಪ ಹಿಂದಿನ ಕಥೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಆ ಕಾಲದಲ್ಲಿ ಪರಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ನಡುವೆ ಆಪರೇಟರ್ ಇಲ್ಲದೆ ನೇರವಾಗಿ ಊರಿಂದೂರಿಗೆ ಡಯಲು ಮಾಡುವ ಎಸ್‌ಟಿಡಿಯು ನಮ್ಮ ದೇಶದಲ್ಲಿ 1960ರಲ್ಲಿ ಕಾನಪುರ ಮತ್ತು ಲಖನೌಗಳ ನಡುವೆ ಮೊದಲಾಯಿತು. ಹಳ್ಳಿಗಳ ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳನ್ನು ತಾಳಿಕೊಳ್ಳಬಲ್ಲ ಸಣ್ಣ ಎಕ್ಸ್‌ಚೇಂಜನ್ನು ಸಿ-ಡಾಟ್ ಸಂಸ್ಥೆಯು ರೂಪಿಸಿ 1986ರಲ್ಲಿ ಮೊದಲು ಸ್ಥಾಪಿಸಿದುದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ ಎಂಬುದು ನಾವು ಹೆಮ್ಮೆಪಡತಕ್ಕ ಸಂಗತಿ. ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಸ್‌ಸ್ಟ್ಯಾಂಡುಗಳಲ್ಲೆಲ್ಲ ತಲೆಯೆತ್ತಿದವು.

1995ರ ಜುಲೈ 31ರಂದು ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸುರವರು ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮರೊಡನೆ ಮಾತನಾಡಿದುದು ಭಾರತದ ಮೊದಲ ಮೊಬೈಲು ಕರೆ. ಆಗ ಕರೆ ಮಾಡಿದವರೂ ಹಣ ಕೊಡಬೇಕು, ಕರೆ ಬಂದವರೂ ಹಣ ಕೊಡಬೇಕು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಬಂದ ಮೇಲೆ ಕರೆಗೆ ನಿಮಿಷದ ಲೆಕ್ಕವೇ ಅಳಿಸಿಹೋಗಿ, ದಿನದ ಲೆಕ್ಕದ ಪ್ಯಾಕುಗಳು ಎಲ್ಲೆಡೆ ಹರಡಿದವು. ಈಗ ನಾವು ಕೊಳ್ಳುತ್ತಿರುವುದು ಮಾತನ್ನಲ್ಲ, ದಿನಗಳನ್ನು. ಈ ಒಂದು ಮಾತನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗುವುದು.

ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಹಳೆಯ ಫೋನಿನ ಸಂಖ್ಯೆ ಊರಿಗೆ ಸೇರಿದ್ದು. ಚಿತ್ರದುರ್ಗಕ್ಕೆ 08194, ಹಿರಿಯೂರಿಗೆ 08193, ಹೊಸದುರ್ಗಕ್ಕೆ 08199, ಹೊಳಲ್ಕೆರೆಗೆ 08191 ಎಂದು ತಾಲ್ಲೂಕಿಗೊಂದು ಸಂಕೇತ. ಅದು ಗೋಡೆಯ ಪಕ್ಕದಲ್ಲಿ ಕುಳಿತ ಸ್ಥಾವರ. ಮೊಬೈಲಾದರೋ ಜಂಗಮ, ಅದರ ಸಂಖ್ಯೆಯು ಮನುಷ್ಯನಿಗೆ ಸೇರಿದ್ದು, ಅವನು ಹೋದಲ್ಲಿ ಅದೂ ಹೋಗುವುದು. ಇಂದು ಬ್ಯಾಂಕಿನ ಖಾತೆ, ಆಧಾರ್, ರಾಜ್ಯ ವಿದ್ಯಾರ್ಥಿವೇತನದ ಅರ್ಜಿ, ತಾಯಂದಿರ ಗೃಹಲಕ್ಷ್ಮಿಯ ಹಣದ ಸಂದೇಶ ಎಲ್ಲವೂ ಆ ಹತ್ತು ಅಂಕಿಗಳಿಗೆ ಕಟ್ಟುಬಿದ್ದಿವೆ. ಹಿಂದೆ ಹೆಬ್ಬೆಟ್ಟಿನ ಗುರುತು ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಈಗ ಓಟಿಪಿ ಮಾಡುತ್ತಿದೆ. ಆದುದರಿಂದ ಮೊಬೈಲಿನ ವಿಷಯದಲ್ಲಿ ನಿಜವಾಗಿ ಕಾಪಾಡಿಕೊಳ್ಳಬೇಕಾದ ಆಸ್ತಿ ಸಾಧನವಲ್ಲ, ಸಂಖ್ಯೆ.

ಈಗ ಮೊದಲನೆಯ ಹೆಜ್ಜೆಯಾದ ಊರಿನ ವಿಚಾರಕ್ಕೆ ಬರೋಣ. ಮೊಬೈಲಿನ ಮಾತು ಗಾಳಿಯಲ್ಲಿ ರೇಡಿಯೋ ಅಲೆಗಳಾಗಿ ಚಲಿಸುತ್ತದೆಯಷ್ಟೆ. ಎಲ್ಲ ಅಲೆಗಳೂ ಒಂದೇ ಬಗೆಯವಲ್ಲ. 700, 800, 900 ಮೆಗಾಹರ್ಟ್ಸಿನಂತಹ ಕೆಳ ಆವರ್ತಾಂಕದ ಅಲೆಗಳು ದೂರ ಹೋಗುತ್ತವೆ, ಗೋಡೆಯನ್ನೂ ಒಂದಿಷ್ಟು ತೂರಿ ಒಳಬರುತ್ತವೆ. 1800, 2300, 3300 ಮೆಗಾಹರ್ಟ್ಸಿನಂತಹ ಮೇಲಿನ ಅಲೆಗಳು ಹೆಚ್ಚು ಡೇಟಾವನ್ನು ಹೊರಬಲ್ಲವು, ಆದರೆ ಹೆಚ್ಚು ದೂರ ಹೋಗಲಾರವು. ಗೋಡೆ, ಬಂಡೆ, ದಟ್ಟವಾದ ಹಸಿರೆಲೆಗಳು ಅವನ್ನು ಬೇಗನೆ ಕುಗ್ಗಿಸುತ್ತವೆ. ನಮ್ಮ ಸೀಮೆಯ ಭೂಗುಣವನ್ನು ಇದರ ಜೊತೆಗಿಟ್ಟು ನೋಡಿರಿ. ಚಿತ್ರದುರ್ಗದ ಸುತ್ತ ಬಂಡೆಗಲ್ಲಿನ ಬೆಟ್ಟಗಳು, ಜೋಗಿಮಟ್ಟಿಯ ಸಾಲು. ಹೊಳಲ್ಕೆರೆಯ ಕಡೆ ಅಡಿಕೆ ತೋಟಗಳು. ಹೊಸದುರ್ಗದ ಕಡೆ ತೆಂಗಿನ ತೋಟಗಳು. ಹಿರಿಯೂರಿನ ಬಳಿ ಎರಡು ಗುಡ್ಡಗಳ ಸಂದಿಯನ್ನೇ ಹಿಡಿದು ವೇದಾವತಿಗೆ ಅಡ್ಡಲಾಗಿ ಕಟ್ಟಿದ ಮಾರಿಕಣಿವೆ. ಅಣೆಕಟ್ಟಿಗೆ ಅನುಕೂಲವಾದ ಗುಡ್ಡವು ಸಿಗ್ನಲ್ಲಿಗೆ ಪ್ರತಿಕೂಲ. ಟವರು ಗುಡ್ಡದ ಆ ಮಗ್ಗುಲಲ್ಲಿದ್ದು ಮನೆಯು ಈ ಮಗ್ಗುಲಲ್ಲಿದ್ದರೆ, ಬಿಸಿಲಿಗೆ ನೆರಳು ಬೀಳುವಂತೆ ಸಿಗ್ನಲ್ಲಿಗೂ ನೆರಳು ಬೀಳುತ್ತದೆ.

ಬೆಂಗಳೂರಿನಿಂದ ಬರುವ ಹೆದ್ದಾರಿಯ ಮಗ್ಗುಲಲ್ಲಿರುವ ಹಿರಿಯೂರು ಪಟ್ಟಣದಲ್ಲಿ ಚೆನ್ನಾಗಿ ನಡೆಯುವ ಸಿಮ್ಮು ಅದೇ ತಾಲ್ಲೂಕಿನ ಒಳಹಳ್ಳಿಯಲ್ಲಿ ಮೂಗನಾಗಬಹುದು ಎಂಬುದು ಇದರಿಂದ ತಿಳಿಯುವುದು. ಹಾಗಾದರೆ ಪರೀಕ್ಷಿಸುವುದು ಹೇಗೆ? ಅಂಗಡಿಯಲ್ಲಿ ಕೇಳಿದರೆ ಎಲ್ಲ ಕಂಪನಿಯ ಸಿಗ್ನಲ್ಲೂ ಎಲ್ಲೆಡೆಯೂ ಇರುತ್ತದೆ! ನೆರೆಹೊರೆಯವರಲ್ಲಿ ಬೇರೆ ಬೇರೆ ಕಂಪನಿಯ ಸಿಮ್ಮು ಇರುವ ನಾಲ್ವರನ್ನು ಗೊತ್ತುಮಾಡಿ, ಅವರ ಫೋನಿನಿಂದ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಒಂದೊಂದು ಕರೆ ಮಾಡಿ ನೋಡಬೇಕು. ಬೆಳಗ್ಗೆ ಒಮ್ಮೆ, ಎಲ್ಲರೂ ಫೋನು ಹಿಡಿಯುವ ರಾತ್ರಿ ಎಂಟು ಗಂಟೆಗೆ ಒಮ್ಮೆ, ಕರೆಂಟು ಹೋದಾಗ ಒಮ್ಮೆ ನೋಡಬೇಕು. ಏಕೆಂದರೆ ಟವರಿನ ಬ್ಯಾಟರಿ ಸೋತರೆ ಸಿಗ್ನಲ್ಲೂ ಸೋಲುತ್ತದೆ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಎಂದರೆ ಟ್ರಾಯ್, 2024ರಲ್ಲಿ ವಿಧಿಸಿತು. ಆ ನಕ್ಷೆಯನ್ನೂ ನೋಡಬಹುದು. ಆದರೆ ನಕ್ಷೆಯು ಬಯಲಿನ ಮಾತನ್ನು ಹೇಳುತ್ತದೆಯೇ ಹೊರತು ನಮ್ಮ ಕಲ್ಲುಗೋಡೆಯ ಒಳಗಿನ ಮಾತನ್ನು ಹೇಳುವುದಿಲ್ಲ. ಹಾಸ್ಟೆಲಿನಲ್ಲಿರುವವರು ಎರಡು ಕಡೆಯೂ ಪರೀಕ್ಷೆ ಮಾಡಬೇಕು. ಊರಿನ ಕಡೆಗೆ ಒಂದು, ಹಾಸ್ಟೆಲಿನ ಕಡೆಗೆ ಒಂದು ಎಂದು ಎರಡು ಸಿಮ್ಮು ಸಾಕುವುದು ನಮ್ಮಂಥವರಿಗೆ ದುಬಾರಿಯ ಸಂಸಾರ.

ಎರಡನೆಯದು ಲೆಕ್ಕ. ಪ್ಯಾಕಿನ ಬೆಲೆಯನ್ನು ನೋಡಿ ಅಗ್ಗ, ತುಟ್ಟಿ ಎನ್ನುವುದು ಮೋಸಕ್ಕೆ ಎಡೆಕೊಡುತ್ತದೆ. ಬೆಲೆಯನ್ನು ದಿನಗಳಿಂದ ಭಾಗಿಸಿ, ದಿನಕ್ಕೆ ಎಷ್ಟು ಬಿತ್ತು ಎಂದು ನೋಡಬೇಕು. ಸಾಮಾನ್ಯವಾಗಿ ತಿಂಗಳ ಪ್ಯಾಕು ಎಂದು ಕರೆಯುವುದು 28 ದಿನದ್ದು. ವರ್ಷಕ್ಕೆ 12 ತಿಂಗಳಾದರೂ ಇಂತಹ ಪ್ಯಾಕುಗಳು 13 ಬೇಕಾಗುತ್ತವೆ. ನಮ್ಮ ಪಂಚಾಂಗದಲ್ಲಿ ಅಧಿಕಮಾಸವು ಸುಮಾರು ಎರಡೂ ಮುಕ್ಕಾಲು ವರ್ಷಕ್ಕೊಮ್ಮೆ ಬರುವುದು. ಮೊಬೈಲು ಕಂಪನಿಗಳ ಪಂಚಾಂಗದಲ್ಲಿ ಅದು ಪ್ರತಿವರ್ಷವೂ ತಪ್ಪದೆ ಬರುವುದು! ಈ ಬಗ್ಗೆ ಗ್ರಾಹಕರ ದೂರುಗಳು ಹೆಚ್ಚಿದುದರಿಂದ, ಪ್ರತಿಯೊಂದು ಕಂಪನಿಯೂ 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳೂ ಒಂದೇ ತಾರೀಖಿಗೆ ನವೀಕರಿಸಬಹುದಾದ ಪ್ಯಾಕನ್ನೂ ಇಟ್ಟಿರಬೇಕೆಂದು ಟ್ರಾಯ್ 2022ರ ಜನವರಿಯಲ್ಲಿ ಆಜ್ಞೆ ಮಾಡಿತು. ಕೇಳಿದವರಿಗೆ ಅದು ಸಿಗುತ್ತದೆ. ಕೇಳದವರಿಗೆ 28 ದಿನದ್ದೇ ಸಿಗುತ್ತದೆ.

ಒಂದು ಉದಾಹರಣೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರವನ್ನು ಏರಿಸಿದಾಗ ಏರ್‌ಟೆಲ್ಲಿನ 28 ದಿನದ ಕಿರಿಯ ಪ್ಯಾಕು 179 ರೂಪಾಯಿಯಿಂದ 199 ರೂಪಾಯಿಗೆ ಹೋಯಿತು. ಅದರಲ್ಲಿ ಕರೆಗಳೂ, ಒಟ್ಟು 2 ಜಿಬಿ ಡೇಟಾವೂ ಇದ್ದವು. ದಿನಕ್ಕೆ 7 ರೂಪಾಯಿ 11 ಪೈಸೆ. 13 ಪ್ಯಾಕಿಗೆ 2,587 ರೂಪಾಯಿ. ಕೀಪ್ಯಾಡ್ ಫೋನಿನಲ್ಲಿ ಮಾತು ಮಾತ್ರ ಆಡುವ ರೈತನಿಗೆ ಆ ಡೇಟಾದಿಂದ ಏನು ಪ್ರಯೋಜನ? ಮಜ್ಜಿಗೆ ಕೇಳಿದವನಿಗೆ ಐಸ್‌ಕ್ರೀಮನ್ನೂ ಕೊಳ್ಳಲೇಬೇಕು ಎಂದಂತಾಯಿತು. ಟ್ರಾಯ್ ಇದನ್ನು ಗಮನಿಸಿ 2024ರ ಡಿಸೆಂಬರ್ 23ರ ನಿಯಮದಲ್ಲಿ, ಡೇಟಾ ಇಲ್ಲದೆ ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರವೇ ಮೀಸಲಾದ ಪ್ಯಾಕನ್ನು ಎಲ್ಲ ಕಂಪನಿಗಳೂ ಕೊಡತಕ್ಕದ್ದೆಂದು ಹೇಳಿತು. ಇಂತಹ ವಿಶೇಷ ಪ್ಯಾಕುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469 ರೂಪಾಯಿ, 365 ದಿನಕ್ಕೆ 1,849 ರೂಪಾಯಿಯ ಪ್ಯಾಕುಗಳನ್ನು ತಂದಿತು. ಜಿಯೋ 84 ದಿನಕ್ಕೆ 448 ರೂಪಾಯಿ, 336 ದಿನಕ್ಕೆ 1,748 ರೂಪಾಯಿಯ ಪ್ಯಾಕುಗಳನ್ನು ತಂದಿತು. 1,849 ರೂಪಾಯಿಯನ್ನು 365ರಿಂದ ಭಾಗಿಸಿದರೆ ದಿನಕ್ಕೆ 5 ರೂಪಾಯಿ 7 ಪೈಸೆ. ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ವರ್ಷಕ್ಕೆ 738 ರೂಪಾಯಿ ಉಳಿತಾಯ. ಓಟಿಪಿಯು ಎಸ್‌ಎಂಎಸ್ ಮೂಲಕ ಬರುವುದರಿಂದ ಡೇಟಾ ಇಲ್ಲದಿದ್ದರೂ ಅದಕ್ಕೆ ಅಡ್ಡಿಯಿಲ್ಲ.

ನನ್ನ ತಂದೆಯವರ ಪ್ರಶ್ನೆಗೆ ಇದೇ ಉತ್ತರವಾಯಿತು. ಆದರೆ ಒಂದು ತೊಡಕುಂಟು. ಅಡಿಕೆ ಮಾರಿದಾಗ ಮನೆಯಲ್ಲಿ ಎರಡು ಸಾವಿರ ರೂಪಾಯಿ ಇರಬಹುದು. ಕೂಲಿಯಿಂದ ಬದುಕುವವರ ಕೈಯಲ್ಲಿ ಒಂದೇ ಸಲಕ್ಕೆ ಅಷ್ಟು ಇರುವುದಿಲ್ಲ. ದುಡ್ಡಿಲ್ಲದವರೇ ಚಿಲ್ಲರೆಯಾಗಿ ಕೊಂಡು ಹೆಚ್ಚು ಬೆಲೆ ತೆರುವುದು ದಿನಸಿಯಲ್ಲಿ ಹೇಗೋ ಮೊಬೈಲಿನಲ್ಲಿಯೂ ಹಾಗೆಯೇ. ಅಂತಹವರಿಗೆ 84 ದಿನದ ಪ್ಯಾಕು ಮಧ್ಯಮ ಮಾರ್ಗ: ದಿನಕ್ಕೆ ಐದೂವರೆ ರೂಪಾಯಿಯ ಆಸುಪಾಸು. ದಿನಕ್ಕೆ ಐದಾರು ರೂಪಾಯಿಯನ್ನು ಡಬ್ಬಿಗೆ ಹಾಕುತ್ತ ಬಂದರೆ ಮುಂದಿನ ಸಲಕ್ಕೆ ಹಣ ಕೂಡಿರುತ್ತದೆ.

ವಿದ್ಯಾರ್ಥಿಗಳಾದ ನಮಗೆ ಡೇಟಾ ಬೇಕು, ನಿಜ. ಎಷ್ಟು ಬೇಕೆಂಬುದೇ ಪ್ರಶ್ನೆ. ಸಾಧಾರಣ ಸ್ಪಷ್ಟತೆಯಲ್ಲಿ ಒಂದು ಗಂಟೆಯ ಪಾಠದ ವೀಡಿಯೋ ನೋಡಿದರೆ ಅರ್ಧ ಜಿಬಿಯ ಆಸುಪಾಸು ಖರ್ಚಾಗುತ್ತದೆ. ಟಿಪ್ಪಣಿಗಳನ್ನು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಳ್ಳುವುದಕ್ಕೆ ತೀರ ಕಡಿಮೆ ಸಾಕು. ಫೋನಿನ ಸೆಟ್ಟಿಂಗಿನಲ್ಲಿ ತಿಂಗಳ ಡೇಟಾದ ಲೆಕ್ಕವಿರುತ್ತದೆ. ಅದನ್ನು ಒಮ್ಮೆ ತೆರೆದು ನೋಡಿದರೆ, ಪಾಠಕ್ಕೆಂದು ಕೊಂಡ ಡೇಟಾದಲ್ಲಿ ಪಾಠಕ್ಕೆ ಹೋದುದೆಷ್ಟು, ರೀಲ್ಸಿಗೆ ಹೋದುದೆಷ್ಟು ಎಂಬುದು ಕನ್ನಡಿಯಂತೆ ಕಾಣುವುದು. ದಿನದ ಪಾಲಿನ ಡೇಟಾ ಅಂದಂದಿಗೇ ಮುಗಿಯಬೇಕು. ಉಳಿದರೆ ನಾಳೆಗೆ ಬರುವುದಿಲ್ಲ. ಆದಕಾರಣ ಬೇಕಾದುದಕ್ಕಿಂತ ದೊಡ್ಡ ಪ್ಯಾಕು ಕೊಂಡವನು ಪ್ರತಿರಾತ್ರಿಯೂ ಒಂದಿಷ್ಟು ಹಣವನ್ನು ಚೆಲ್ಲುತ್ತಾನೆ. 2024ರ ಜುಲೈನ ದರಪಟ್ಟಿಯಲ್ಲಿ ಜಿಯೋದ ದಿನಕ್ಕೆ 1.5 ಜಿಬಿಯ ಪ್ಯಾಕು 28 ದಿನಕ್ಕೆ 299 ರೂಪಾಯಿ, 84 ದಿನಕ್ಕೆ 799 ರೂಪಾಯಿ ಇತ್ತು. ಮೊದಲನೆಯದು ದಿನಕ್ಕೆ 10 ರೂಪಾಯಿ 68 ಪೈಸೆ, ಎರಡನೆಯದು 9 ರೂಪಾಯಿ 51 ಪೈಸೆ. ಈ ದರಗಳು ಹವಾಮಾನದಂತೆ ಬದಲಾಗುತ್ತಿರುತ್ತವೆ. ಇಲ್ಲಿ ಕೊಟ್ಟ ಅಂಕಿಗಳು ಹಳತಾದರೂ ಭಾಗಾಕಾರವು ಹಳತಾಗುವುದಿಲ್ಲ.

ಮೂರನೆಯದು, ಕಡೆಯದು, ಸಾಧನ. ಅದನ್ನು ಕಡೆಗೆ ಇಟ್ಟುದಕ್ಕೆ ಕಾರಣವಿದೆ: ಮೊದಲೇ ಸಾಧನವನ್ನು ಕೊಂಡರೆ ಅದು ಪ್ಯಾಕನ್ನು ತನ್ನ ಹಿಂದೆ ಎಳೆದುಕೊಂಡು ಬರುತ್ತದೆ. ಜಿಯೋದಲ್ಲಿ 2ಜಿ, 3ಜಿಗಳಿಲ್ಲ. ಹಳೆಯ 2ಜಿ ಕೀಪ್ಯಾಡ್ ಫೋನಿಗೆ ಅದರ ಸಿಮ್ಮು ಹಾಕಿದರೆ ಮಾತು ಹೊರಡುವುದಿಲ್ಲ. ಊರಿನಲ್ಲಿ ಜಿಯೋದ ಸಿಗ್ನಲ್ಲೇ ಚೆನ್ನಾಗಿದ್ದರೆ 4ಜಿ ಕೀಪ್ಯಾಡ್ ಫೋನನ್ನು ಕೇಳಿ ತರಬೇಕು. ಇನ್ನು 5ಜಿ ನಮ್ಮ ದೇಶದಲ್ಲಿ 2022ರ ಅಕ್ಟೋಬರ್ 1ರಂದು ಆರಂಭವಾಯಿತು. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್ ಎರಡೂ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕೆ ಮೇಲ್ಪಟ್ಟ ಪ್ಯಾಕುಗಳಿಗೆ ಸೀಮಿತಗೊಳಿಸಿದವು. ಊರಿನಲ್ಲಿ 5ಜಿ ಇಲ್ಲದಿದ್ದರೂ 5ಜಿ ಫೋನು ಕೊಂಡು, ಅದಕ್ಕಾಗಿ ದೊಡ್ಡ ಪ್ಯಾಕು ಹಾಕಿಸುವುದು, ಕೆರೆಯಲ್ಲಿ ನೀರಿಲ್ಲದಿದ್ದರೂ ದೋಣಿ ಕೊಂಡಂತೆ. ಸರ್ಕಾರದ ಬಿಎಸ್‌ಎನ್‌ಎಲ್ಲು 2024ರ ಜುಲೈನಲ್ಲಿ ದರ ಏರಿಸಲಿಲ್ಲ. ಸ್ವದೇಶೀ ತಂತ್ರಜ್ಞಾನದ ಅದರ 4ಜಿ ಸೇವೆಯನ್ನು 2025ರ ಸೆಪ್ಟೆಂಬರ್ 27ರಂದು ದೇಶಕ್ಕೆ ಅರ್ಪಿಸಲಾಯಿತು. ಊರಿನಲ್ಲಿ ಅದರ ಸಿಗ್ನಲ್ಲು ಗಟ್ಟಿಯಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಾಧನವನ್ನು ನೋಡುವಾಗ ಕ್ಯಾಮರಾದ ಅಂಕಿಗಿಂತ ಮುಖ್ಯವಾದ ಮೂರು ಪ್ರಶ್ನೆಗಳಿವೆ. ಬ್ಯಾಟರಿ ಬೆಳಗ್ಗೆಯ ಬಸ್ಸಿನಿಂದ ರಾತ್ರಿಯವರೆಗೆ ಬರುವುದೇ? ಕೆಟ್ಟರೆ ನಮ್ಮ ತಾಲ್ಲೂಕು ಪಟ್ಟಣದಲ್ಲಿಯೇ ರಿಪೇರಿಯಾಗುವುದೇ? ಸುರಕ್ಷತೆಯ ಅಪ್‌ಡೇಟುಗಳು ಎಷ್ಟು ವರ್ಷ ಬರುವುವು? ಬಿಲ್ಲನ್ನು ತಪ್ಪದೆ ಪಡೆಯಬೇಕು. ಅದರಲ್ಲಿ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇರಬೇಕು. ಸೆಕೆಂಡ್‌ಹ್ಯಾಂಡ್ ಫೋನು ಕೊಳ್ಳುವವರು ಅದರಲ್ಲಿ *#06# ಒತ್ತಿದರೆ ಐಎಂಇಐ ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರು ಅಕ್ಷರಗಳನ್ನು ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಫೋನಿನ ವಿವರ ತಿಳಿಯುವುದು. ಕಳವಿನ ಮಾಲು ನಮ್ಮ ಕೈಗೆ ಬರದಂತೆ ಇದು ಕಾಯುತ್ತದೆ. ಕಂತಿನಲ್ಲಿ ಕೊಳ್ಳುವವರು “ಬಡ್ಡಿಯಿಲ್ಲ” ಎಂಬ ಬೋರ್ಡನ್ನು ನಂಬಿ ಸುಮ್ಮನಾಗದೆ, ಎಲ್ಲ ಕಂತುಗಳನ್ನೂ ಶುಲ್ಕವನ್ನೂ ಕೂಡಿಸಿ, ನಗದು ಬೆಲೆಯೊಡನೆ ಹೋಲಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯು ಕಂತಿನ ಕಾಲಕ್ಕೂ ಅನ್ವಯಿಸುವುದು.

ಇನ್ನು ನಾನು ಆಸ್ತಿಯೆಂದು ಕರೆದ ಸಂಖ್ಯೆಯ ರಕ್ಷಣೆ. ನಮ್ಮ ಊರಿನ ಅಜ್ಜಿಯೊಬ್ಬರ ಫೋನಿಗೆ ಹಲವು ತಿಂಗಳು ಯಾರೂ ರೀಚಾರ್ಜು ಮಾಡಿಸಲಿಲ್ಲ. ಮೊದಲು ಹೊರಹೋಗುವ ಕರೆ ನಿಂತಿತು, ಬಳಿಕ ಒಳಬರುವ ಕರೆ ನಿಂತಿತು, ಕಡೆಗೆ ಸಂಖ್ಯೆಯೇ ಹೋಯಿತು. ಪಿಂಚಣಿಯ ಖಾತೆಗೆ ಕೊಟ್ಟಿದ್ದ ಸಂಖ್ಯೆ ಅದೇ. ಹಣ ಬಂದಿತೋ ಇಲ್ಲವೋ ತಿಳಿಯಲು ಅವರು ಬಿಸಿಲಿನಲ್ಲಿ ಬ್ಯಾಂಕಿಗೆ ಅಲೆಯುವಂತಾಯಿತು. 90 ದಿನಗಳು ಯಾವ ಬಳಕೆಯೂ ಇಲ್ಲದಿದ್ದರೆ ಸಂಖ್ಯೆಯನ್ನು ಕಡಿಯಬಹುದೆಂಬುದು ನಿಯಮ. ಆದರೆ ಮುಖ್ಯ ಖಾತೆಯಲ್ಲಿ 20 ರೂಪಾಯಿ ಇದ್ದರೆ, ಅದರಿಂದ ಮುರಿದುಕೊಂಡು ಸಂಖ್ಯೆಯನ್ನು ಉಳಿಸುವ ಏರ್ಪಾಡನ್ನೂ ಟ್ರಾಯ್ 2013ರಲ್ಲಿಯೇ ಮಾಡಿತು. ಕಡಿದ ಸಂಖ್ಯೆಯನ್ನು 90 ದಿನಗಳ ತರುವಾಯ ಬೇರೊಬ್ಬರಿಗೆ ಕೊಡಬಹುದು. ಆಗ ನಮ್ಮ ಬ್ಯಾಂಕಿನ ಸಂದೇಶ ಅಪರಿಚಿತರ ಕೈಸೇರುವುದು! ಆದುದರಿಂದ ಸಂಖ್ಯೆ ಹೋದರೆ ಒಡನೆ ಬ್ಯಾಂಕಿನಲ್ಲಿಯೂ ಆಧಾರಿನಲ್ಲಿಯೂ ಬದಲಾಯಿಸಿಕೊಳ್ಳಬೇಕು. ಸಿಮ್ಮು ಅದನ್ನು ಬಳಸುವವರ ಹೆಸರಿನಲ್ಲಿಯೇ ಇರಬೇಕೆಂಬುದನ್ನೂ ಮರೆಯಬಾರದು. ತಾಯಿಯ ಸಿಮ್ಮು ಸೋದರಮಾವನ ಹೆಸರಿನಲ್ಲಿದ್ದರೆ, ಅದು ಕಳೆದುಹೋದ ದಿನ ಮಾವನನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಬಹುದು.

ಸಿಗ್ನಲ್ಲು ಸರಿಯಿಲ್ಲವೆಂದು ಸಂಖ್ಯೆಯನ್ನು ಬಿಡುವ ಅಗತ್ಯವೂ ಇಲ್ಲ. ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಾಯಿಸುವ ಹಕ್ಕು 2011ರ ಜನವರಿ 20ರಿಂದ ದೇಶದಲ್ಲೆಲ್ಲ ಇದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಮ್ಮ ಸಂಖ್ಯೆಯನ್ನು ಬರೆದು 1900ಕ್ಕೆ ಎಸ್‌ಎಂಎಸ್ ಮಾಡಿದರೆ ಒಂದು ಕೋಡು ಬರುತ್ತದೆ. ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ಊರ್ಜಿತ. ಅದನ್ನೂ ಗುರುತಿನ ದಾಖಲೆಯನ್ನೂ ಹೊಸ ಕಂಪನಿಯವರಿಗೆ ಕೊಟ್ಟರೆ, ರಾಜ್ಯದೊಳಗಿನ ಬದಲಾವಣೆಯು ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು. ಹಳೆಯ ಕಂಪನಿಯಲ್ಲಿ 90 ದಿನವಾದರೂ ಇದ್ದಿರಬೇಕು. ಬಿಲ್ಲಿನ ಬಾಕಿ ಇರಕೂಡದು. ಉಳಿದಿರುವ ಪ್ಯಾಕಿನ ದಿನಗಳು ಹೊಸ ಕಂಪನಿಗೆ ಬರುವುದಿಲ್ಲ. ಆದ್ದರಿಂದ ಪ್ಯಾಕು ಮುಗಿಯುವ ವಾರದಲ್ಲಿ ಇದನ್ನು ಮಾಡುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೆ, ಯಾವ ಫೋನು ಒಳ್ಳೆಯದು, ಯಾವ ಕಂಪನಿ ಒಳ್ಳೆಯದು ಎಂದು ಕೇಳುವವರಿಗೆ ನನ್ನಲ್ಲಿ ಒಂದೇ ಉತ್ತರವಿಲ್ಲ. ಹಿರಿಯೂರಿನ ಪೇಟೆಯಲ್ಲಿರುವವರಿಗೆ ಒಂದು, ಹೊಸದುರ್ಗದ ತೋಟದ ಮನೆಯವರಿಗೆ ಇನ್ನೊಂದು ಸರಿಯಾಗಬಹುದು. ಉತ್ತರ ಬೇರೆಯಾದರೂ ಅದನ್ನು ಕಂಡುಕೊಳ್ಳುವ ದಾರಿ ಒಂದೇ. ಈ ರಜೆಯಲ್ಲಿ ಊರಿಗೆ ಹೋದಾಗ ಪ್ರತಿಯೊಬ್ಬರೂ ಒಂದು ಹಾಳೆಯ ಮೇಲೆ ಮನೆಯ ಎಲ್ಲ ಮೊಬೈಲುಗಳ ಸಂಖ್ಯೆ, ಅವು ಯಾರ ಹೆಸರಿನಲ್ಲಿವೆ, ಪ್ಯಾಕು ಮುಗಿಯುವ ತಾರೀಖು, ದಿನಕ್ಕೆ ಬೀಳುವ ವೆಚ್ಚ ಇವನ್ನು ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ. ನೆರೆಯ ಎರಡು ಮನೆಗಳಿಗೂ ಹೀಗೆಯೇ ಮಾಡಿಕೊಡಿರಿ. ಓದಿದ ಮಕ್ಕಳಿಂದ ಊರಿಗೆ ಆಗಬಹುದಾದ ಉಪಕಾರಗಳಲ್ಲಿ ಇದು ಸಣ್ಣದು. ಇದಕ್ಕೆ ತಗಲುವುದು ಅರ್ಧ ಗಂಟೆ ಮಾತ್ರ.